ಗೋಪುರ ಏಳುವಾಗ ಎದುರು ಮನೆ ತಾರಸಿಯಿಂದ

ಚಾಮುಂಡಿ ಬೆಟ್ಟದ ಏಳಂತಸ್ತಿನ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು 1827ರ ಹೊತ್ತಿಗೆ. ಅದು ಏಳುವಾಗ ಫೋಟೋ ತೆಗೆಯೋಕೆ ಯಾರಿದ್ದರು ಹೇಳಿ? ಮದ್ದೂರು ಕಡೆಯ ನಮ್ಮೂರಲ್ಲಿ ಐದಂತಸ್ತಿನ ಗೋಪುರ ಶುರುವಾದಾಗ, ಇದನ್ನಾದರೂ ಬುಡದಿಂದ ಕಲಶದವರೆಗೆ ಹಿಡಿಯೋಣ ಅಂತ ಹೊರಟೆ.

ಇಂಥ ಕೆಲಸಕ್ಕೆ ಮೊದಲು ಜಾಗ, ಕ್ಯಾಮೆರಾ ಆಮೇಲೆ. ಎದುರು ಮನೆ ತಾರಸಿ ಹಿಡಿದೆ. ಟ್ರೈಪಾಡ್ ಕಾಲು ಊರುವ ಕಡೆ ಪೇಂಟಿನಲ್ಲಿ ಗುರುತು ಹಾಕಿದೆ. ಪ್ರತಿ ಸಲ ಹಳೇ ಫೋಟೋವನ್ನು ಮೊಬೈಲಿನಲ್ಲಿ ತೆರೆದಿಟ್ಟು, ಕರೆಂಟ್ ಕಂಬ ನೀರಿನ ಟ್ಯಾಂಕಿನ ಅಂಚಿಗೆ ಸರಿಯಾಗಿ ಬಂತಾ ಅಂತ ನೋಡಿಕೊಳ್ಳುತ್ತಿದ್ದೆ. ಲೆನ್ಸ್ ಮಾತ್ರ ಕೊನೆವರೆಗೂ ಅದೇ 35 ಮಿ.ಮೀ. ಕ್ಯಾಮೆರಾ ಮಟ್ಟವಾಗಿರಬೇಕು. ಮೇಲಕ್ಕೆತ್ತಿದರೆ ಗೋಪುರ ಹಿಂದಕ್ಕೆ ವಾಲಿದ ಹಾಗೆ ಬರುತ್ತೆ. ಅದಕ್ಕೇ ಮೊದಲ ದಿನದಿಂದಲೇ ಮೇಲೆ ಜಾಗ ಬಿಟ್ಟಿದ್ದೆ. "ಏನ್ಲಾ ಮಗ, ಬರೀ ಆಕಾಸನೇ ತೆಗೀತೀಯಲ್ಲ" ಅಂತ ಮನೆಯ ಅಜ್ಜಿ ನಗುತ್ತಿದ್ದರು.

ಗೋಪುರ ಪೂರ್ವಕ್ಕೆ ಮುಖ. ಬೆಳಗ್ಗೆ ಏಳಕ್ಕೆ ಬಿಸಿಲು ನೇರ ಬಿದ್ದು ಗೊಂಬೆಗಳೆಲ್ಲ ಚಪ್ಪಟೆಯಾಗಿ ಕಾಣುತ್ತವೆ. ಹತ್ತರ ಮೇಲೆ ಬಿಸಿಲು ಓರೆಯಾದಾಗ ಉಬ್ಬುತಗ್ಗು ಎದ್ದು ಬರುತ್ತೆ. ಮಧ್ಯಾಹ್ನ ದಾಟಿದರೆ ಪೂರ್ತಿ ನೆರಳು. ಇನ್ನೊಂದಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಕಡೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ನನ್ನ ಎಡದಿಂದ ಬರುತ್ತಿದ್ದ ಬಿಸಿಲು ಜೂನ್‌ನಲ್ಲಿ ಬಲದಿಂದ ಬರುತ್ತೆ. ಸಾಲಾಗಿ ಜೋಡಿಸಿ ನೋಡುವಾಗ ನೆರಳು ಅತ್ತಿತ್ತ ಕುಣಿಯುತ್ತೆ. ಆ ಸಾಲಿಗೆ ಮೋಡದ ದಿನವೇ ವಾಸಿ.

ಶಿಲ್ಪಿಗಳು ಒಪ್ಪಿದ ಮೇಲೆ ಸಾರುವೆ ಹತ್ತಿದೆ. ಕಂಬಕ್ಕೆ ದೃಷ್ಟಿ ತಾಗದಿರಲಿ ಅಂತ ಬೂದುಗುಂಬಳ ಕಟ್ಟಿದ್ದರು. ಗೊಂಬೆಗೆ ಒಳಗೆ ಇಟ್ಟಿಗೆ, ಕಂಬಿ. ಮೇಲೆ ಗಾರೆ. ಗಾರೆ ಬಿಗಿಯುವುದರೊಳಗೆ ಕೆತ್ತಿ ಮುಗಿಸಬೇಕು, ಆಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತಾರೆ. ಒಬ್ಬರು ಸಣ್ಣ ಕರಣೆಯ ತುದಿಯಲ್ಲಿ ದ್ವಾರಪಾಲಕನ ಕಿರುಬೆರಳಿಗೆ ಉಗುರು ಮೂಡಿಸುತ್ತಿದ್ದರು. ಕೆಳಗೆ ನಿಂತವರಿಗೆ ಆ ಉಗುರು ಕಾಣೋದೇ ಇಲ್ಲ. ಅಲ್ಲಿ ಫ್ಲ್ಯಾಶ್ ಬೇಡ, ಕೆಲಸದವರ ಕಣ್ಣು ಕುಕ್ಕುತ್ತೆ. ದೊಡ್ಡ ಬ್ಯಾಗೂ ಬೇಡ. ಕ್ಯಾಮೆರಾ ಪಟ್ಟಿ ಕತ್ತಿಗೆ ಸುತ್ತಿಕೊಂಡು, ಒಂದು ಕೈ ಯಾವಾಗಲೂ ಕಂಬದ ಮೇಲೆ.

ನನಗಂತೂ ಬಣ್ಣ ಬಳಿಯುವ ಮುಂಚಿನ ಬೂದು ಗೋಪುರವೇ ಜಾಸ್ತಿ ಇಷ್ಟ. ದೇವಸ್ಥಾನ ಸಮಿತಿಯವರ ಮುಂದೆ ಹೇಳೋಕಾಗಲ್ಲ ಅಷ್ಟೇ. ಬಣ್ಣ ಬಿದ್ದ ಮೇಲೆ ಆ ನುಣುಪು ಗಾರೆ, ಕರಣೆ ಎಳೆದ ಗೀರು ಎಲ್ಲ ಮುಚ್ಚಿಹೋಗುತ್ತೆ. ನಮ್ಮಲ್ಲಿ ಬಣ್ಣದವರು ಮೇಲಿಂದ ಕೆಳಕ್ಕೆ ಇಳಿದರು. ಹಾಗಾಗಿ ಮೇಲಂತಸ್ತಿನ ಹತ್ತಿರದ ಫೋಟೋಗಳನ್ನೆಲ್ಲ ಮೊದಲು ಮುಗಿಸಿಕೊಂಡೆ. ಕೆಳಗಿನವಕ್ಕೆ ಇನ್ನೂ ಸ್ವಲ್ಪ ದಿನ ಸಿಕ್ಕಿತು.