ಸೋಮವಾರ ಕೊಟ್ಟ ಮಾತು ಶನಿವಾರ ಉಳಿಯಲು ಮಾಡಿದ್ದು

ನಮ್ಮ ಕಟ್ಟಡ ಕಾಮಗಾರಿಯ ವಾರದ ಸಭೆಯಲ್ಲಿ ಉಪಗುತ್ತಿಗೆದಾರರೆಲ್ಲ ‘ಆಗುತ್ತದೆ’ ಎನ್ನುತ್ತಿದ್ದರು. ಶನಿವಾರಕ್ಕೆ ಅರ್ಧದಷ್ಟೂ ಮುಗಿದಿರುತ್ತಿರಲಿಲ್ಲ. ದಿನವೂ ಫೋನ್, ಇನ್ನಷ್ಟು ವಿವರವಾದ ವೇಳಾಪಟ್ಟಿ, ಹೆಚ್ಚುವರಿ ಆಳುಗಳು, ಯಾವುದೂ ಫಲಿಸಲಿಲ್ಲ. ದಂಡ ಹಾಕಿದಾಗ ತಡವನ್ನು ಮುಚ್ಚಿಡುವುದನ್ನು ಕಲಿತರು, ಅಷ್ಟೇ.

ಸರಿಹೋದದ್ದು ‘ಲಾಸ್ಟ್ ಪ್ಲಾನರ್’ ಪದ್ಧತಿಯಿಂದ, ಅಂದರೆ ಸ್ಥಳದಲ್ಲಿ ಕೆಲಸ ಮಾಡಿಸುವವರೇ ವಾರದ ಯೋಜನೆಗೆ ಮಾತು ಕೊಡುವ ಕ್ರಮದಿಂದ. ಮೊದಲು ಮುಂದಿನ 6 ವಾರಗಳ ಕೆಲಸಗಳನ್ನು ಗೋಡೆಗೆ ಹಚ್ಚಿ, ಪ್ರತಿಯೊಂದಕ್ಕೂ ಇರುವ ಅಡ್ಡಿ (ನಕ್ಷೆ, ಸಾಮಗ್ರಿ, ಆಳು, ಯಂತ್ರ, ಅನುಮತಿ, ಹಿಂದಿನ ಕೆಲಸ), ಅದನ್ನು ಯಾರು ಎಂದಿಗೆ ನಿವಾರಿಸುತ್ತಾರೆ ಎಂಬುದನ್ನು ಬರೆದೆವು. ಅಡ್ಡಿ ಉಳಿದ ಕೆಲಸ ವಾರದ ಪಟ್ಟಿಗೆ ಸೇರುವಂತಿಲ್ಲ. ಮಾತು ಕೊಡಬೇಕಾದವರು ಕೆಲಸ ಮಾಡಿಸುವ ಮೇಸ್ತ್ರಿಯೇ. ಅವರು ‘ಆಗದು’ ಎಂದರೆ ಒತ್ತಾಯಿಸುವಂತಿಲ್ಲ. ಕಚೇರಿಯವರಿಗೆ ಜೀರ್ಣವಾಗದ್ದು ಇದೇ. ಕೊಡುವ ಮಾತೂ ಸ್ಪಷ್ಟವಾಗಿರಬೇಕು: ಪಟ್ಟಿಯಲ್ಲಿ ‘ಚಾವಣಿ ಕೆಲಸ’ ಎಂದು ಬರೆದರೆ ಸಾಲದು. ‘ಎರಡನೇ ಮಹಡಿ, ಪೂರ್ವ ಭಾಗ, ಚಾವಣಿಯ ಕೆಳಪದರದ ಕಂಬಿ ಕಟ್ಟಿ, ಗುರುವಾರ ಸಂಜೆ ವೈರಿಂಗ್‌ನವರಿಗೆ ಬಿಟ್ಟುಕೊಡುವುದು’ ಎಂದಿರಬೇಕು.

ಶನಿವಾರದ ಲೆಕ್ಕ: ಮುಗಿದ ಕೆಲಸಗಳನ್ನು ಒಪ್ಪಿಕೊಂಡವುಗಳಿಂದ ಭಾಗಿಸಿ 100ರಿಂದ ಗುಣಿಸುವುದು. ಶೇ 90 ಮುಗಿದ ಕೆಲಸಕ್ಕೂ ಸೊನ್ನೆಯೇ. ತಪ್ಪಿದ್ದಕ್ಕೆ ಕಾರಣ ಬರೆಯಬೇಕು, ಹೆಸರು ಬೇಡ. ನಮ್ಮಲ್ಲಿ ಮತ್ತೆ ಮತ್ತೆ ಕಂಡ ಕಾರಣ ಆಳುಗಳ ಕೊರತೆಯಲ್ಲ, ನಕ್ಷೆಯ ತಿದ್ದುಪಡಿ ತಡವಾಗಿ ಬರುವುದು. ಈಗ ಅದಕ್ಕೆ ಕೆಲಸಕ್ಕಿಂತ 3 ವಾರ ಮೊದಲಿನ ಗಡುವು ಇದೆ.