ಬೆನ್ನು ನೋಯದಂತೆ ಲಾರಿ ಸೀಟು ಹೊಂದಿಸುವುದು ಹೇಗೆ?

ಬೆನ್ನು ನೋವು ಶುರುವಾದ ಲಾರಿ ಚಾಲಕರ ಕೈ ಮೊದಲು ಹೋಗುವುದು ಬ್ಯಾಕ್‌ರೆಸ್ಟಿನ ಲಿವರ್‌ಗೆ. ಒಂದಿಷ್ಟು ಹಿಂದಕ್ಕೆ ಒರಗುತ್ತಾರೆ. ಹತ್ತು ನಿಮಿಷ ಹಾಯೆನಿಸುತ್ತದೆ. ಆಮೇಲೆ ಸ್ಟೇರಿಂಗ್ ದೂರವಾಯಿತು ಅಂತ ಮುಂದಕ್ಕೆ ಬಾಗುತ್ತಾರೆ. ಸೊಂಟದ ಹಿಂದೆ ಜಾಗ ಖಾಲಿಯಾಗುತ್ತದೆ. ನೋವು ಮತ್ತೆ ಹಾಜರ್.

ಎಡವಟ್ಟಾಗುವುದು ಕ್ರಮದಲ್ಲಿ. ಸೀಟನ್ನು ಕೆಳಗಿನಿಂದ ಮೇಲಕ್ಕೆ ಹೊಂದಿಸಬೇಕು. ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಬೆನ್ನು, ಕೊನೆಗೆ ಕೈ ಮತ್ತು ಕಣ್ಣು. ಸಮಾಧಾನವಾಗಿ ಮಾಡಿದರೆ ಕಾಲು ಗಂಟೆಯ ಕೆಲಸ.

ಲಾರಿಯಲ್ಲಿ ಬೆನ್ನಿಗೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಒಂದು, ಕೂರುವುದರಿಂದಲೇ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕಿನೊಳಗೇ ಸೂಜಿ ಇಟ್ಟು ಒತ್ತಡ ಅಳೆದರು. ನಿಂತಾಗ ಇರುವುದಕ್ಕಿಂತ, ಬೆನ್ನಿಗೆ ಆಸರೆಯಿಲ್ಲದೆ ಕೂತಾಗ ಡಿಸ್ಕಿನ ಮೇಲೆ ಒತ್ತಡ ಜಾಸ್ತಿ ಅಂತ ಗೊತ್ತಾಯಿತು. ಹಿಂದಕ್ಕೆ ಸ್ವಲ್ಪ ಒರಗಿ, ಸೊಂಟಕ್ಕೆ ಆಸರೆ ಕೊಟ್ಟರೆ ಆ ಒತ್ತಡ ಇಳಿಯುತ್ತದೆ ಎಂಬುದೂ ಮುಂದಿನ ಅಳತೆಗಳಲ್ಲಿ ಕಂಡಿತು. ಎರಡನೆಯದು ಕುಲುಕಾಟ. ಕೂತ ಮನುಷ್ಯನ ಬೆನ್ನುಮೂಳೆ ಸೆಕೆಂಡಿಗೆ ಸುಮಾರು 4ರಿಂದ 6 ಸಲ ಮೇಲಕ್ಕೂ ಕೆಳಕ್ಕೂ ಆಗುವ ಅಲುಗಾಟಕ್ಕೆ ಎಲ್ಲಕ್ಕಿಂತ ಹೆಚ್ಚು ಸ್ಪಂದಿಸುತ್ತದೆ. ಕೆಟ್ಟ ರಸ್ತೆಯಲ್ಲಿ ಭಾರದ ಗಾಡಿ ಹೆಚ್ಚುಕಮ್ಮಿ ಇದೇ ಲಯದಲ್ಲಿ ಕುಲುಕುತ್ತದೆ. ಹಾಗಾಗಿ ಸೀಟಿನ ಕೋನ ಮಾತ್ರ ಸರಿ ಮಾಡಿ, ಕುಲುಕಾಟ ಹೀರಿಕೊಳ್ಳುವ ಸೀಟಿನ ಸಸ್ಪೆನ್ಶನ್ ಬಿಟ್ಟರೆ ಅರ್ಧ ಕೆಲಸ ಆದ ಹಾಗೆ.

ಹತ್ತುವ ಮೊದಲು

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ. ಓಡಿಸುತ್ತಾ ಸೀಟು ಸರಿಸಬೇಡಿ. ಸೀಟು ಒಮ್ಮೆಲೇ ಹಿಂದಕ್ಕೆ ಜಾರಿದರೆ ಕಾಲು ಬ್ರೇಕಿಗೆ ಎಟುಕುವುದಿಲ್ಲ. ಗಾಳಿ ತುಂಬುವ ಏರ್ ಸೀಟ್ ಆಗಿದ್ದರೆ ಎಂಜಿನ್ ಚಾಲೂ ಮಾಡಿ ಏರ್ ಟ್ಯಾಂಕ್ ತುಂಬಲು ಬಿಡಿ. ದಿನಾ ಯಾವ ಚಪ್ಪಲಿ, ಶೂ ಹಾಕಿ ಓಡಿಸುತ್ತೀರೋ ಅದೇ ಕಾಲಲ್ಲಿರಲಿ.

ಹಿಂದಿನ ಜೇಬಿನ ಪರ್ಸು, ಮೊಬೈಲು ತೆಗೆದಿಡಿ. ಇದು ಸಣ್ಣ ವಿಷಯ ಅನಿಸಬಹುದು. ಹಿರಿಯ ಚಾಲಕರೊಬ್ಬರ ಸೀಟನ್ನು ಹತ್ತಿರದಿಂದ ನೋಡಿದ್ದೆ. ಕುಶನ್ನಿನ ಬಲಗಡೆ ಪರ್ಸಿನ ಅಳತೆಗೇ ಕುಳಿ ಬಿದ್ದಿತ್ತು. ಅವರಿಗೆ ನೋವೂ ಅದೇ ಬದಿ, ಕುಂಡಿಯಿಂದ ತೊಡೆಯವರೆಗೆ. ಒಂದು ಬದಿ ಎತ್ತರವಾದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗಿ ಸಮತೋಲನ ಮಾಡಿಕೊಳ್ಳುತ್ತದೆ, ಕಾಲಿಗೆ ಹೋಗುವ ನರವೂ ಒತ್ತುತ್ತದೆ. ದಿನವಿಡೀ ಹಾಗೆ ಕೂತರೆ ಯಾವ ಸೀಟೂ ಕಾಪಾಡಲಾರದು.

ಕುಶನ್ನನ್ನು ಮುಷ್ಟಿಯಿಂದ ಒತ್ತಿ ನೋಡಿ. ಕೆಳಗಿನ ತಗಡು ಕೈಗೆ ಸಿಕ್ಕರೆ ಫೋಮ್ ಮುಗಿದಿದೆ. ಅದನ್ನು ಬದಲಿಸದೆ ಮುಂದಿನ ಹೊಂದಾಣಿಕೆ ಮಾಡಿ ಜಾಸ್ತಿ ಪ್ರಯೋಜನವಿಲ್ಲ. ಮೇಲೊಂದು ದಪ್ಪ ಮೆತ್ತನೆ ದಿಂಬು ಹಾಕಿಕೊಂಡರೆ ಸೊಂಟ ಅದರೊಳಗೆ ಹೂತು ಇನ್ನಷ್ಟು ಬಾಗುತ್ತದೆ.

ಕಾಲಿನಿಂದ ಶುರು

ಸೊಂಟವನ್ನು ಪೂರ್ತಿ ಹಿಂದಕ್ಕೆ ಒತ್ತಿ, ಬ್ಯಾಕ್‌ರೆಸ್ಟಿಗೆ ತಾಗಿಸಿ ಕೂರಿ. ಮುಂದಿನ ಪ್ರತಿ ಹೆಜ್ಜೆಗೂ ಇದೇ ಭಂಗಿ.

ಮೊದಲು ಎತ್ತರ. ಹಿಮ್ಮಡಿ ನೆಲಕ್ಕೆ ತಾಗಿರಬೇಕು, ತೊಡೆ ಕುಶನ್ನಿನ ಮೇಲೆ ಪೂರ್ತಿ ಮಲಗಿರಬೇಕು. ಸೊಂಟ ಮೊಣಕಾಲಿನ ಮಟ್ಟಕ್ಕೇ ಇರಲಿ, ಇಲ್ಲವೇ ಒಂದಿಷ್ಟು ಮೇಲಿರಲಿ. ಮೊಣಕಾಲು ಮೇಲೆ, ಸೊಂಟ ಕೆಳಗೆ ಆದರೆ ಬೆನ್ನು ತಾನಾಗಿಯೇ ಗೂನಾಗುತ್ತದೆ.

ಆಮೇಲೆ ಹಿಂದೆ ಮುಂದೆ. ಕ್ಲಚ್ ಪೂರ್ತಿ ಒತ್ತಿ. ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ಕಾಲು ನೆಟ್ಟಗಾದರೆ, ಅಥವಾ ಸೊಂಟ ಬ್ಯಾಕ್‌ರೆಸ್ಟ್ ಬಿಟ್ಟು ಜಾರಿದರೆ, ಸೀಟು ದೂರವಾಯಿತು. ಕ್ಲಚ್ ಇಲ್ಲದ ಗಾಡಿಯಲ್ಲಿ ಬ್ರೇಕ್ ಒತ್ತಿ ನೋಡಿ. ಈ ಪರೀಕ್ಷೆಯನ್ನು ಹತ್ತು ಸಲ ಮಾಡಿ. ಒಂದೇ ಸಲಕ್ಕೆ ಎಲ್ಲ ಸರಿ ಅನಿಸುತ್ತದೆ. ಹತ್ತನೇ ಸಲಕ್ಕೆ ಸೊಂಟ ಎಲ್ಲಿಗೆ ಬಂದಿದೆ ಅಂತ ನೋಡಿದರೆ ನಿಜ ಗೊತ್ತಾಗುತ್ತದೆ.

ಕುಶನ್ನಿನ ಮುಂದಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ತೂರಬೇಕು. ತೂರದಿದ್ದರೆ ರಕ್ತದ ಓಡಾಟಕ್ಕೆ ಅಡ್ಡಿಯಾಗಿ ಕಾಲು ಜೋಮು ಹಿಡಿಯುತ್ತದೆ. ಕುಶನ್ನಿನ ಉದ್ದ ಅಥವಾ ಓರೆ ಬದಲಿಸುವ ಲಿವರ್ ಇದ್ದರೆ ಈಗ ಬಳಸಿ.

ಸಸ್ಪೆನ್ಶನ್: ಎಲ್ಲರೂ ಬಿಡುವ ಹೆಜ್ಜೆ

ಸ್ಪ್ರಿಂಗ್ ಸೀಟುಗಳಲ್ಲಿ ಮುಂದೆ ಅಥವಾ ಪಕ್ಕದಲ್ಲಿ ಒಂದು ನಾಬ್ ಇರುತ್ತದೆ, ಅದರ ಹತ್ತಿರ ಕೆಜಿಯ ಗುರುತು ಇರುತ್ತದೆ. ಅದು ನಿಮ್ಮ ತೂಕಕ್ಕೆ ಹೊಂದಿಸಲು ಇರುವುದು. ಎಷ್ಟೋ ಗಾಡಿಗಳಲ್ಲಿ ಧೂಳು ಮೆತ್ತಿ, ಯಾರೂ ಮುಟ್ಟದೆ ಬಿಗಿದು ಕೂತಿರುತ್ತದೆ. ಮೇಲೆ ಕೂತು ತಿರುಗಿಸಲು ಬಾರದಿದ್ದರೆ ಎದ್ದು ತಿರುಗಿಸಿ, ಮತ್ತೆ ಕೂತು ನೋಡಿ.

ಸರಿಯಾಗಿದೆ ಅಂತ ಗೊತ್ತಾಗುವುದು ಹೇಗೆ? ಪೂರ್ತಿ ಭಾರ ಹಾಕಿ ಕೂತಾಗ ಸೀಟು ತನ್ನ ಓಡಾಟದ ನಡುವಿನಲ್ಲಿ ನಿಲ್ಲಬೇಕು. ಮೇಲಕ್ಕೆ ಎಷ್ಟು ಹೋಗಬಲ್ಲದೋ ಕೆಳಕ್ಕೂ ಅಷ್ಟೇ ಹೋಗುವಂತಿರಬೇಕು. ಸೀಟು ತೀರಾ ಮೆತ್ತಗಿದ್ದರೆ ಗುಂಡಿ ಹಾರಿದಾಗ ಕೆಳಗೆ ಧಡ್ ಅಂತ ಬಡಿಯುತ್ತದೆ. ಆ ಒಂದು ಬಡಿತ ನೇರವಾಗಿ ಬೆನ್ನುಮೂಳೆಗೆ ಹೋಗುತ್ತದೆ. ತೀರಾ ಬಿಗಿ ಇದ್ದರೆ ಬಡಿತ ಇರುವುದಿಲ್ಲ, ಆದರೆ ರಸ್ತೆಯ ಪ್ರತಿ ಅಲುಗಾಟ ಮೈಗೆ ಬರುತ್ತದೆ. ಬಿಗಿ ಸೀಟೇ ಬೆನ್ನಿಗೆ ಒಳ್ಳೆಯದು ಎಂಬ ನಂಬಿಕೆ ಚಾಲಕರಲ್ಲಿ ಬಹಳ ಇದೆ. ಕುಶನ್ ಗಟ್ಟಿ ಇರಲಿ, ಒಪ್ಪುತ್ತೇನೆ. ಸಸ್ಪೆನ್ಶನ್ ಮಾತ್ರ ಆಡಲೇಬೇಕು.

ಏರ್ ಸೀಟಿನಲ್ಲಿ ಇನ್ನೊಂದು ಮೋಸ ಇದೆ. ಹಲವು ಹಳೆಯ ಮಾದರಿಗಳಲ್ಲಿ ಎತ್ತರಕ್ಕೂ ಗಾಳಿಗೂ ಒಂದೇ ಬಟನ್. ರಸ್ತೆ ಚೆನ್ನಾಗಿ ಕಾಣಲಿ ಅಂತ ಪೂರ್ತಿ ಗಾಳಿ ತುಂಬಿದರೆ ಸೀಟು ಮೇಲಿನ ತುದಿಗೆ ಹೋಗಿ ನಿಲ್ಲುತ್ತದೆ. ಹಂಪ್ ಸಿಕ್ಕಾಗ ಸೀಟು ಮೇಲೆ ಹೋಗಲು ಜಾಗವಿಲ್ಲದೆ ಜಗ್ಗುತ್ತದೆ. ಇಂಥ ಸೀಟಿನಲ್ಲಿ ಗಾಳಿಯನ್ನು ನಡುವಿಗೆ ನಿಲ್ಲಿಸಿ, ಉಳಿದದ್ದನ್ನು ಸೀಟಿನ ದೂರ, ಸ್ಟೇರಿಂಗ್ ಎತ್ತರದಲ್ಲಿ ಸರಿಮಾಡಿಕೊಳ್ಳಿ. ಓಡಿಸುವಾಗ ಸೀಟು ನಿಧಾನಕ್ಕೆ ಇಳಿಯುತ್ತಿದ್ದರೆ ಗಾಳಿ ಸೋರುತ್ತಿದೆ ಎಂದರ್ಥ. ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದ ಕಡೆ ತೂತಿದೆ.

ಒಂದೇ ಗಾಡಿಯನ್ನು ಇಬ್ಬರು ಸರದಿಯಲ್ಲಿ ಓಡಿಸುವವರು ಪ್ರತಿ ಸರದಿಗೂ ತೂಕ ಹೊಂದಿಸಬೇಕು. 60 ಕೆಜಿಯವರಿಗೆ ಸರಿಯಾದದ್ದು 95 ಕೆಜಿಯವರಿಗೆ ಆಗುವುದಿಲ್ಲ ಅಲ್ವಾ?

ಬೆನ್ನು, ಕೈ, ಕಣ್ಣು

ಬ್ಯಾಕ್‌ರೆಸ್ಟ್ ನೆಟ್ಟಗೆ ಬೇಡ, ಮಲಗಿದ ಹಾಗೂ ಬೇಡ. ತೊಡೆಗೂ ಬೆನ್ನಿಗೂ ನಡುವೆ 100ರಿಂದ 110 ಡಿಗ್ರಿ ಕೋನ ಒಳ್ಳೆಯದು. ಅಂದರೆ ಗೋಡೆಯಂತೆ ನೆಟ್ಟಗಿರುವುದಕ್ಕಿಂತ 10ರಿಂದ 20 ಡಿಗ್ರಿ ಹಿಂದಕ್ಕೆ. ಮೊಬೈಲಿನಲ್ಲಿ ಓರೆ ಅಳೆಯುವ ಆ್ಯಪ್ ಇದ್ದರೆ ಬ್ಯಾಕ್‌ರೆಸ್ಟಿಗೆ ಆನಿಸಿ ನೋಡಬಹುದು.

ಸೊಂಟದ ಆಸರೆ, ಅಂದರೆ ಲಂಬಾರ್ ಸಪೋರ್ಟ್ ಇದ್ದರೆ ಅದರ ಗಾಳಿ ಪೂರ್ತಿ ತೆಗೆದು ಶುರು ಮಾಡಿ. ನಿಧಾನವಾಗಿ ತುಂಬಿಸಿ. ಸೊಂಟದ ಹಿಂದೆ ಯಾರೋ ಅಂಗೈ ಇಟ್ಟ ಹಾಗೆ ಅನಿಸಿದ ಕೂಡಲೇ ನಿಲ್ಲಿಸಿ. ತಳ್ಳಿದ ಹಾಗೆ ಅನಿಸಿದರೆ ಜಾಸ್ತಿಯಾಯಿತು. ಆ ಸೌಲಭ್ಯ ಇಲ್ಲದ ಸೀಟಿಗೆ ಒಂದು ಟವೆಲ್ ಸಾಕು. ಮಣಿಕಟ್ಟಿನ ದಪ್ಪಕ್ಕೆ ಸುತ್ತಿ, ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ, ಬೆಲ್ಟ್ ಕಟ್ಟುವ ಮಟ್ಟದಲ್ಲಿ ಅಥವಾ ತುಸು ಮೇಲೆ ಇಡಿ. ಪಕ್ಕೆಲುಬಿನ ಹತ್ತಿರ ಇಟ್ಟರೆ ಅದೇ ನೋವು ಕೊಡುತ್ತದೆ. ಮೊದಲ ದಿನ ಅರ್ಧ ಗಂಟೆ ಇಟ್ಟು ತೆಗೆಯಿರಿ. ವರ್ಷಗಟ್ಟಲೆ ಗೂನಿ ಕೂತ ಸೊಂಟಕ್ಕೆ ಅಭ್ಯಾಸವಾಗಲು ಸಮಯ ಬೇಕು.

ಈಗ ಸ್ಟೇರಿಂಗನ್ನು ನಿಮ್ಮ ಕಡೆಗೆ ತನ್ನಿ. ನೀವು ಅದರ ಕಡೆಗೆ ಹೋಗಬೇಡಿ. ಭುಜ ಬ್ಯಾಕ್‌ರೆಸ್ಟಿಗೆ ತಾಗಿರುವಾಗಲೇ ಮಣಿಕಟ್ಟು ಚಕ್ರದ ಮೇಲಂಚಿನ ಮೇಲೆ ಕೂರಬೇಕು, ಹಿಡಿದಾಗ ಮೊಣಕೈ ಬಾಗಿರಬೇಕು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಎದೆಗೂ ಚಕ್ರದ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬಿಡಿ. ಕೈಯಾಸರೆಗಳು ಎರಡೂ ಒಂದೇ ಎತ್ತರಕ್ಕಿರಲಿ, ಭುಜವನ್ನು ಮೇಲೆತ್ತದಿರಲಿ.

ಕನ್ನಡಿ ಕೊನೆಗೆ. ಸರಿಯಾಗಿ ಕೂತಿರುವಾಗ ಹೊಂದಿಸಿದ ಕನ್ನಡಿ ನಿಮ್ಮ ಕಾವಲುಗಾರನ ಹಾಗೆ. ಎರಡು ಗಂಟೆ ಓಡಿಸಿದ ಮೇಲೆ ಹಿಂದಿನ ಚಕ್ರ ಕಾಣುವುದು ಕಮ್ಮಿಯಾದರೆ, ಕನ್ನಡಿ ಮುಟ್ಟಬೇಡಿ. ನೀವೇ ಜಾರಿದ್ದೀರಿ. ಸೊಂಟ ಹಿಂದಕ್ಕೆ ಎಳೆದುಕೊಳ್ಳಿ.

ಆಮೇಲಿನ ಒಂದು ವಾರ

ಹೀಗೆ ಹೊಂದಿಸಿದ ಮೇಲೂ ಏನಾದರೂ ಬದಲಿಸಬೇಕು ಅನಿಸಿದರೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದು ದಿನ ಓಡಿಸಿ ನೋಡಿ. ಏನು ಬದಲಿಸಿದಿರಿ, ನೋವು ಎಷ್ಟು ಹೊತ್ತಿಗೆ ಶುರುವಾಯಿತು, ಎಲ್ಲಿ ಬಂತು ಅಂತ ಚೀಟಿಯಲ್ಲಿ ಬರೆದಿಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದೇ ಇಲ್ಲ.

ಎಷ್ಟೇ ಚೆನ್ನಾಗಿ ಹೊಂದಿಸಿದರೂ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಇರಲು ಬೆನ್ನು ಒಪ್ಪುವುದಿಲ್ಲ. ಎರಡು ಗಂಟೆಗೊಮ್ಮೆಯಾದರೂ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಇಳಿಯುವಾಗ ಹಾರಬೇಡಿ. ಕ್ಯಾಬಿನ್ ಕಡೆ ಮುಖ ಮಾಡಿ, ಎರಡು ಕೈ ಒಂದು ಕಾಲು, ಅಥವಾ ಎರಡು ಕಾಲು ಒಂದು ಕೈ ಸದಾ ಊರಿರುವಂತೆ ಇಳಿಯಿರಿ. ಇಳಿದ ಕೂಡಲೇ ಲೋಡ್ ಎತ್ತಲು ಹೋಗುವುದು ಬಹಳ ಅಪಾಯ. ಬಹಳ ಹೊತ್ತು ಕೂತು ಕುಲುಕಿದ ಸೊಂಟ ಆಗ ಭಾರಕ್ಕೆ ಸಿದ್ಧವಿರುವುದಿಲ್ಲ. ಐದು ಹತ್ತು ನಿಮಿಷ ಓಡಾಡಿ, ಆಮೇಲೆ ಕೈ ಹಾಕಿ.

ಕೆಲವು ನೋವುಗಳಿಗೆ ಸೀಟು ಮದ್ದಲ್ಲ. ನೋವು ಮೊಣಕಾಲಿನಿಂದ ಕೆಳಗೆ ಇಳಿದರೆ, ಪಾದ ಮರಗಟ್ಟಿದರೆ, ಪೆಡಲ್ ಒತ್ತಲು ಬಲ ಸಾಲದಿದ್ದರೆ ಗಾಡಿ ಓಡಿಸುವುದು ನಿಲ್ಲಿಸಿ, ವೈದ್ಯರನ್ನು ನೋಡಿ. ತೊಡೆಗಳ ನಡುವೆ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಒಂದು ರಾತ್ರಿ ಕೂಡ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹೋಗುವಾಗ ಆ ಚೀಟಿ ಜೊತೆಗಿರಲಿ. ದಿನಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ, ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಹರಿಯಿತು ಎಂಬುದು ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇರುತ್ತದೆ.