ರಾತ್ರಿ ಫೋನು ಬೇರೆಯವರ ಕೈಗೆ: ನನ್ನ ಅನುಭವ

ರಾತ್ರಿ ಕರೆಯ ಫೋನನ್ನು ಸರದಿ ಮೇಲೆ ಇಟ್ಟುಕೊಳ್ಳೋಣ ಅಂದಾಗ "ನಾಲ್ಕು ದಿನದ ಆಟ ಮೇಡಂ ಇದು" ಅಂತ ನಮ್ಮ ತಂಡದವರೇ ನಕ್ಕಿದ್ದರು. ಈಗ ಹತ್ತಿರ ಹತ್ತಿರ 14 ತಿಂಗಳಾಯ್ತು, ಒಬ್ಬರೂ ಕೆಲಸ ಬಿಟ್ಟಿಲ್ಲ. ಅದಕ್ಕೂ ಮುಂಚಿನ ಎರಡು ವರ್ಷದಲ್ಲಿ 7 ಜನರ ತಂಡದಿಂದ ಐದೋ ಆರೋ ಜನ ಹೋಗಿದ್ದರು.

ದಾವಣಗೆರೆಯಲ್ಲಿ ಮಕ್ಕಳ ರಕ್ಷಣೆಯ ಈ ಕೆಲಸಕ್ಕೆ ಬಂದು 11 ವರ್ಷ. ಮಕ್ಕಳ ಸಹಾಯವಾಣಿ 1098ರ ಕರೆ, 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸೋದು, ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸಲ್ಲಿ ಮಗುವಿನ ಬೆಂಬಲ ವ್ಯಕ್ತಿಯಾಗಿ ಕೋರ್ಟಿಗೆ ಓಡಾಡೋದು, ಇದೇ ಕೆಲಸದಲ್ಲಿರೋ ನಿಮಗೇನೂ ಹೊಸದಲ್ಲ, ಬಿಡಿ.

ನನಗೆ ಏನೋ ಆಗಿದೆ ಅಂತ ಗೊತ್ತಾಗಿದ್ದು ನಾದಿನಿ ಮಗಳ ಮದುವೆಯಲ್ಲಿ. ಮೆಹಂದಿ ವಾಸನೆ ಬಂತು, ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಮೂರು ವಾರದ ಹಿಂದಷ್ಟೇ ಜಗಳೂರು ಕಡೆ ಒಂದು ಬಾಲ್ಯವಿವಾಹ ತಡೆದಿದ್ದೆವು. ಹುಡುಗಿ ಕೈಯಲ್ಲಿ ಮೆಹಂದಿ ಇನ್ನೂ ಹಸಿ. ಜೀಪಿನ ಸೀಟಿಗೆ ತಾಗಬಾರದು ಅಂತ ಎರಡೂ ಕೈ ಮುಂದೆ ಚಾಚಿಕೊಂಡು ದಾವಣಗೆರೆವರೆಗೂ ಹಾಗೇ ಕೂತಿದ್ದಳು. ಅತ್ತೆ "ಪಿತ್ತ ಆಗಿರಬೇಕು" ಅಂದರು. ನಾನೂ ಹೌದು ಅಂದೆ. ಕೇಸಿನ ವಿಷಯ ಮನೆಯಲ್ಲಿ ಬಾಯಿಬಿಡೋ ಹಾಗಿಲ್ಲವಲ್ಲ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ಬೆಂಗಳೂರಿಂದ ತರಬೇತಿಗೆ ಒಬ್ಬರನ್ನು ಕರೆಸಿದೆವು, ಊಟ ರೂಮು ಸೇರಿ 9 ಸಾವಿರ ಚಿಲ್ಲರೆ. ಕಣ್ಣು ಮುಚ್ಚಿ ಸಮುದ್ರ ನೆನೆಸಿಕೊಳ್ಳಿ ಅಂದರು. ನಮ್ಮ ಡ್ರೈವರ್ ಅಣ್ಣ ಗೊರಕೆ ಹೊಡೆದರು, ಆ ದಿನ ಲಾಭ ಆಗಿದ್ದು ಅವರೊಬ್ಬರಿಗೇ. ಆಮೇಲೆ ಇಂಥ ಕೆಲಸದವರ ಮನಸ್ಸಿನ ಸುಸ್ತು ಅಳೆಯೋ 30 ಪ್ರಶ್ನೆಯ ಪ್ರೊಕ್ವಾಲ್ ಫಾರಂ ತುಂಬಿಸಿದೆ. ಆಫೀಸಿಗೆ ಹೋಗುತ್ತೆ ಅನ್ನೋ ಭಯಕ್ಕೆ ಎಲ್ಲರೂ ಪರಮಸುಖಿಗಳು ಅಂತ ಬಂತು! ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗೂ ಆಯ್ತು, ನಡೆಯುತ್ತಾ ಮಾತಾಡಿದ್ದು ಮತ್ತದೇ ಕೇಸು. ನಾನು ಕೈಯಿಂದ 700ರಂತೆ ಕೊಟ್ಟು ಮೂರು ಸಲ ಖಾಸಗಿ ಕೌನ್ಸೆಲಿಂಗಿಗೆ ಹೋದೆ, ಸಂಬಳವೇ ತಡ ಆಗೋವಾಗ ನಾಲ್ಕನೇ ಸಲಕ್ಕೆ ದುಡ್ಡಿರಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಅದೇ 14416, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಅದು ಮೊದಲೇ ಹೊಳೆಯಲಿಲ್ಲ, ನೋಡಿ.

ಕೊನೆಗೆ ನೆಟ್ಟಗಾಗಿದ್ದು ಕಷ್ಟ ಇಳಿಸೋದರಿಂದ ಅಲ್ಲ, ಹೊರೋದನ್ನೇ ಕಮ್ಮಿ ಮಾಡಿದ್ದರಿಂದ. ಮಗುವಿನ ಕಥೆ ಒಬ್ಬರೇ ಕೇಳಬೇಕು. ಅದನ್ನು ಚಹಾ ಕುಡಿಯುತ್ತಾ ಉಳಿದ ಆರು ಜನಕ್ಕೆ ಹೇಳೋದು ಬಂದ್. ರಾತ್ರಿಯ ಕರೆಗೆ ಒಂದು ಕೀಪ್ಯಾಡ್ ಫೋನು, 1,400 ರೂಪಾಯಿ ಇರಬೇಕು, ಮೂರು ಮೂರು ದಿನ ಒಬ್ಬೊಬ್ಬರ ಹತ್ತಿರ. ರಾತ್ರಿ ಓಡಾಡಿದವರು ಮಾರನೇ ದಿನ ಮಧ್ಯಾಹ್ನದ ಮೇಲೆ ಬಂದರೆ ಸಾಕು. ಮೇಲಿನವರು ಇದಕ್ಕೇ ತಕರಾರು ತೆಗೆದಿದ್ದು. ಹಾಜರಿ ಪುಸ್ತಕ ತೋರಿಸಿದೆ, ಹಿಂದಿನ ವರ್ಷಕ್ಕಿಂತ ರಜೆ ಅರ್ಧಕ್ಕೆ ಇಳಿದಿತ್ತು. ಸುಮ್ಮನಾದರು. ಮೊದಲ ತಿಂಗಳು ನಿಯಮ ಮುರಿದಿದ್ದು ಮಾತ್ರ ನಾನೇ, ರಾತ್ರಿ ಒಂದು ಗಂಟೆಗೆ ಆ ಕೀಪ್ಯಾಡಿಗೆ ಫೋನ್ ಮಾಡಿ "ಏನಾದ್ರೂ ಬಂತಾ" ಅಂತ ಕೇಳುತ್ತಿದ್ದೆ.

ಇನ್ನೊಂದು, ಕೇಸು ಮುಗಿಸಿ ಬಂದವರು ಸೀದಾ ಮನೆಗೆ ಹೋಗೋ ಹಾಗಿಲ್ಲ. ಮಂಡಕ್ಕಿ ಮೆಣಸಿನಕಾಯಿ ಅಂಗಡಿಯಲ್ಲಿ ಅರ್ಧ ಗಂಟೆ, ಖರ್ಚು ನೂರರೊಳಗೆ. ಕೇಸಿನ ಮಾತಿಲ್ಲ. ನಾನು ಕೇಳೋದು ಒಂದೇ ಪ್ರಶ್ನೆ, ಅದೇನು ಅಂತ ಇಲ್ಲಿ ಬರೆಯಲ್ಲ, ಎದುರು ಸಿಕ್ಕಾಗ ಕೇಳಿ. ಮೊದಲು ಉತ್ತರ ಹೇಳೋದು ಡ್ರೈವರ್ ಅಣ್ಣ. ಮಗು ಹಿಂದಿನ ಸೀಟಲ್ಲಿ ಅಳೋದನ್ನು ಇಷ್ಟು ವರ್ಷ ಕನ್ನಡಿಯಲ್ಲಿ ನೋಡುತ್ತಾ ಗಾಡಿ ಓಡಿಸಿದವರು ಅವರು, ಹೇಳಿಕೆ ಟೈಪ್ ಮಾಡಿದವಳು ನಮ್ಮ ಕಂಪ್ಯೂಟರ್ ಹುಡುಗಿ. ಇಬ್ಬರನ್ನೂ ಯಾವ ತರಬೇತಿಗೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಡ್ರೈವರನ್ನು ಕರೆದಿದ್ದೂ ಕುರ್ಚಿ ಖಾಲಿ ಇತ್ತು ಅಂತ.

ಮೆಹಂದಿ ನನಗೆ ಇನ್ನೂ ಆಗಲ್ಲ. ಆದರೆ ಹೋದ ತಿಂಗಳು ರಾತ್ರಿ ಎರಡಕ್ಕೆ ಚನ್ನಗಿರಿ ಕಡೆಯಿಂದ ಕರೆ ಬಂದಿದ್ದು ನನಗೆ ಗೊತ್ತಾಗಿದ್ದೇ ಬೆಳಗ್ಗೆ, ಅಷ್ಟೊತ್ತಿಗೆ ಮಗು ಬಾಲಮಂದಿರದಲ್ಲಿ ಉಪ್ಪಿಟ್ಟು ತಿನ್ನುತ್ತಿತ್ತು. ಕೀಪ್ಯಾಡ್ ಫೋನಿನ ಬ್ಯಾಟರಿ ಉಬ್ಬಿದೆ. ಹೊಸ ಬ್ಯಾಟರಿಗೆ 300 ಕೇಳಿದ್ದೇನೆ, ಇನ್ನೂ ಮಂಜೂರಾಗಿಲ್ಲ.